ಕಾರಪಳ್ಳದ ಗೇಟು

ನನ್ನ ಅಜ್ಜನ ಹೆಸರು ಕಾರಯ್ಯ.
ನಗಬೇಡಿ, ಕಾರಿಗಿಂತ ಹಳೆಯದು ಆ ಹೆಸರು,
ಬೆಟ್ಟದ ಕಡೆಯಿಂದ ಬಂದದ್ದು.
ಡೆಟ್ರಾಯಿಟಿನಿಂದ ಬಂದದ್ದು ಬಸ್ಸು.

ಯುದ್ಧದ ಕಾಲ. ಪೆಟ್ರೋಲಿಗೆ ರೇಷನ್ನು.
ಬಸ್ಸಿನ ಬೆನ್ನಿಗೆ ಒಂದು ಕರೀ ಡ್ರಮ್ಮು ಕಟ್ಟಿ
ಅದರ ಹೊಟ್ಟೆಗೆ ಇದ್ದಲು ಸುರಿದು
ಅಜ್ಜ ಅರ್ಧ ಗಂಟೆ ಗಾಳಿಚಕ್ರ ತಿರುಗಿಸಿದರೆ
ಫಾರ್ಗೋ ಒಂದು ಸಲ ಕೆಮ್ಮುತ್ತಿತ್ತು.
ಬಣ್ಣಾರಿಯಿಂದ ದಿಂಬಕ್ಕೆ ಇಪ್ಪತ್ತೇಳು ತಿರುವು,
ಎರಡು ಮೂಟೆ ಇದ್ದಲು:
ಒಂದು ದಿಂಡಿಗ, ಒಂದು ಕಗ್ಗಲಿ.
'ಕಾಡ ಸುಟ್ಟು ಕಾಡ ಹತ್ತುದೊ ಕನ ಮಗ'
ಅನ್ನುತ್ತಿದ್ದ, ಹೆಮ್ಮೆಯೋ ತಪ್ಪೊಪ್ಪಿಗೆಯೋ,
ಬೀಡಿಯ ಹೊಗೆಯಲ್ಲಿ ಮುಖ ಕಾಣುತ್ತಿರಲಿಲ್ಲ.

ಬಸ್ಸು ಸತ್ತ ಮೇಲೆ ಹರಾಜಾಯಿತು.
ಎಂಜಿನ್ನು ಮೈಸೂರಿಗೆ, ಸೀಟು ಕ್ಷೌರದಂಗಡಿಗೆ,
ಚಕ್ರದ ಮುಚ್ಚಳವೊಂದು ನಮ್ಮ ಅಡಿಗೆಮನೆಗೆ.
ಕ್ರೋಮು ಸುಲಿದುಹೋದ ಅದರ ಬೆನ್ನ ಮೇಲೆ
ಅಜ್ಜಿ ದುಂಡಮ್ಮ ರಾಗಿರೊಟ್ಟಿ ತಟ್ಟುತ್ತಿದ್ದಳು.
ರೊಟ್ಟಿಯ ಹೊಟ್ಟೆಯಲ್ಲಿ ಐದು ಅಕ್ಷರ ಮೂಡುತ್ತಿತ್ತು, ಉಲ್ಟಾ.
ನಾನು ಮೊದಲು ಓದಿದ ಇಂಗ್ಲಿಷು ಅದು:
ಓದಿದೆ, ಹುಚ್ಚೆಳ್ಳು ಚಟ್ನಿ ಸವರಿದೆ, ತಿಂದೆ.
ಶಾಲೆಯಲ್ಲಿ ಎ ಮತ್ತು ಓ ಸರಿಯಾಗಿ ಬರೆದೆ,
ಮಿಕ್ಕ ಮೂರಕ್ಕೂ ತಮಿಳು ಮೇಷ್ಟ್ರು ಗೆಣ್ಣಿಗೆ ಹೊಡೆದರು.
ಇವತ್ತಿಗೂ ಆತುರದಲ್ಲಿ
ನನ್ನ ಎಫ್ ಎಡಕ್ಕೆ ತಿರುಗುತ್ತದೆ.

ಈಗ ನಾನು ಗೇಟಿನವನು. ದಿನಗೂಲಿ.
ಸಂಜೆ ಆರಕ್ಕೆ ಲಾರಿಗಳಿಗೆ ಕಂಬ ಇಳಿಸುತ್ತೇನೆ,
ಒಂಬತ್ತಕ್ಕೆ ಕಾರುಗಳಿಗೂ.
ಕಂಬದ ಬುಡಕ್ಕೆ ಭಾರವಾಗಿ ಕಟ್ಟಿರುವುದು ಹಳೆಯ ಬ್ರೇಕ್ ಡ್ರಮ್ಮು,
ಯಾವ ಲಾರಿಯದೋ, ಯಾವ ತಿರುವಿನಲ್ಲಿ ಬಿದ್ದದ್ದೋ.
ಕೋರ್ಟಿನ ಆದೇಶ ಗೋಡೆಗೆ ಅಂಟಿಸಿದೆ
ಇಂಗ್ಲಿಷಿನಲ್ಲಿ, ತಮಿಳಿನಲ್ಲಿ.
ಬೈಗುಳ ಮಾತ್ರ ಕನ್ನಡದಲ್ಲಿ ಬರುತ್ತದೆ.

'ಟೊಮೇಟೊ ಕೊಳೀತದ ಕನಯ್ಯ, ನಿನ್ ಹುಲಿ ತಿಂದದ?'
ತಾಳವಾಡಿಯ ಮರಿಬಸಪ್ಪ ಕೇಳುತ್ತಾನೆ.
ತಿನ್ನುವುದಿಲ್ಲ. ನನಗೂ ಗೊತ್ತು.
ಅವನ ಅಡಿಯ ಕ್ರೇಟು ಒಡೆದು
ರಸ್ತೆಗೆ ಕೆಂಪು ತೊಟ್ಟಿಕ್ಕುತ್ತಿರುತ್ತದೆ.
ಅದೇ ರಸ್ತೆಯಲ್ಲಿ, ಗೇಟು ಬರುವ ಮುಂಚೆ,
ಒಂದು ಬೆಳಿಗ್ಗೆ ಚಿರತೆಮರಿಯನ್ನು
ಸನಿಕೆಯಲ್ಲಿ ಎಬ್ಬಿ ತೆಗೆದವನು ನಾನೇ.
ಟಾರಿಗೆ ಅಂಟಿತ್ತು, ಸೀದ ರೊಟ್ಟಿಯ ಹಾಗೆ.
ಮೈಮೇಲೆ ಟೈರಿನ ಅಚ್ಚು.
ಅದನ್ನು ಓದಲು ಯಾವ ಮೇಷ್ಟ್ರೂ ಬೇಕಿರಲಿಲ್ಲ.

ಇದನ್ನು ಮರಿಬಸಪ್ಪನಿಗೆ ಹೇಳಿಲ್ಲ.
ಅವನ ಟೊಮೇಟೊ ನಾನು ಎಣಿಸಿಲ್ಲ, ಅವನು ನನ್ನ ಮರಿ.
ಇಬ್ಬರೂ ಒಂದೇ ಟೀ ಹಂಚಿ ಕುಡಿಯುತ್ತೇವೆ.

ಒಂಬತ್ತು ಗಂಟೆ ಮೂರು ನಿಮಿಷಕ್ಕೆ ಬಂದ ಕಾರಿನೊಳಗೆ
ಗಂಡ ಹೆಂಡತಿ ಮಾತು ಬಿಟ್ಟಿರುತ್ತಾರೆ.
ಫೋನಿನ ಹೆಂಗಸು ಮಾತ್ರ
'ನೇರ ಹೋಗಿ, ನೇರ ಹೋಗಿ' ಅನ್ನುತ್ತಲೇ ಇರುತ್ತಾಳೆ.

ಆಮೇಲೆ ರಸ್ತೆ ಆರುತ್ತದೆ.
ಬಿಸಿ ಎಂಜಿನ್ನುಗಳು ತಣಿಯುವಾಗ ಟಿಕ್ ಟಿಕ್ ಅನ್ನುತ್ತವಲ್ಲ,
ಸಾಲಿನುದ್ದಕ್ಕೂ ಅದೇ ಸದ್ದು,
ನಡುವೆ ಜೀರುಂಡೆ ಯಾವುದು ಲಾರಿ ಯಾವುದು ತಿಳಿಯದು.

ನಿನ್ನೆ ಎರಡೂ ಹತ್ತಕ್ಕೆ ಆನೆ ಬಂತು.
ಕಬ್ಬಿನ ಲಾರಿಯ ಕಡೆ ಹೋಗಲಿಲ್ಲ, ಅದೇ ಆಶ್ಚರ್ಯ.
ಕಂಬದ ಮುಂದೆ ನಿಂತಿತು,
ಬ್ರೇಕ್ ಡ್ರಮ್ಮನ್ನು ತುಂಬ ಹೊತ್ತು ಮೂಸಿತು,
ಕರು ಬಿಡಲು ದೊಡ್ಡಿಯ ಗಳು ಸರಿಸುವ ಹಾಗೆ
ಕಂಬ ಎತ್ತಿ ನಡೆಯಿತು.
ಕಂಬ ಮೇಲೇ ನಿಂತಿತು.
ಇಳಿದುಹೋಗಿ ಮುಚ್ಚಲು ನನಗೆ ಧೈರ್ಯ ಸಾಲಲಿಲ್ಲ.
ಬೆಳಗಿನವರೆಗೂ ಗೇಟು ತೆರೆದೇ ಇತ್ತು.
ಮರಿಬಸಪ್ಪ ಎಚ್ಚರವಿದ್ದ, ಬೀಡಿ ಕೆಂಡ ಕಾಣುತ್ತಿತ್ತು.
ಒಬ್ಬನೂ ಕೀಲಿ ತಿರುಗಿಸಲಿಲ್ಲ.

ವಹಿಯಲ್ಲಿ ಬರೆಯಲೇಬೇಕಲ್ಲ.
ವಾಹನದ ನಂಬರು: ಇಲ್ಲ. ಸರಕು: ಇಲ್ಲ.
ಎಲ್ಲಿಂದ ಎನ್ನುವಲ್ಲಿ ಗೆರೆ ಎಳೆದೆ.
ಎಲ್ಲಿಗೆ ಎನ್ನುವಲ್ಲಿ ಫಾರೆಸ್ಟು ಎಂದು ಬರೆಯಹೋಗಿ
ಎಫ್ ಹಾಕಿದೆ.
ಅದು ಎಡಕ್ಕೆ ತಿರುಗಿ
ಆನೆ ಹೋದ ಕಡೆ ನೋಡುತ್ತಿತ್ತು.